ಮಗುವಿನ ತಲೆಗೆ ಪೆಟ್ಟು ತಗುಲಿದಾಗ

(ಹೊರನಾಡು ಕನ್ನಡಿಗರ ಸಭೆಯೊಂದರಲ್ಲಿ ಮಕ್ಕಳ ವೈದ್ಯರೊಬ್ಬರು ಮಾಡಿದ ಭಾಷಣದ ಪಾಠ)



ಮಕ್ಕಳ ಆರೋಗ್ಯವನ್ನು ಕುರಿತು ಮಾತನಾಡಬೇಕೆಂದು ತಾವು ನನ್ನನ್ನು ಆಹ್ವಾನಿಸಿದಾಗ ಯಾವ ವಿಷಯವನ್ನು ಆರಿಸಿಕೊಳ್ಳಲಿ ಎಂದು ಸ್ವಲ್ಪ ಯೋಚಿಸಬೇಕಾಯಿತು. ಲಸಿಕೆ, ಎದೆಹಾಲು, ಅತಿಸಾರ ಇವುಗಳ ವಿಷಯವಾಗಿ ತಾವು ಸಾಕಷ್ಟು ಕೇಳಿದ್ದೀರಿ, ಓದಿದ್ದೀರಿ. ಆದರೆ ಮಗುವಿರುವ ಹೆಚ್ಚುಕಡಿಮೆ ಪ್ರತಿಯೊಂದು ಮನೆಯಲ್ಲಿಯೂ ಒಂದಲ್ಲ ಒಂದು ದಿನ ನಡೆಯುವ, ಆದರೂ ಯಾರೂ ಮುಂಚಿತವಾಗಿ ಯೋಚಿಸಿಟ್ಟುಕೊಳ್ಳದ ಪ್ರಸಂಗವೊಂದಿದೆ. ಮಂಚದ ಮೇಲೆ ಮಲಗಿಸಿದ್ದ ಮಗು ಮಗ್ಗುಲು ಹೊರಳಿ ಕೆಳಗೆ ಬೀಳುತ್ತದೆ. ತಲೆ ನೆಲಕ್ಕೆ ತಗುಲಿದ ಸದ್ದು ಕೇಳಿಸುತ್ತದೆ. ಮರುಕ್ಷಣವೇ ಅಳು. ಅಡುಗೆಮನೆಯಿಂದ ತಾಯಿ ಓಡಿ ಬಂದು ಎತ್ತಿಕೊಳ್ಳುತ್ತಾಳೆ. ಹಣೆಯ ಮೇಲೆ ಬುಗುಟು ಏಳುತ್ತದೆ. ಹತ್ತು ನಿಮಿಷ ಕಳೆಯುವುದರೊಳಗೆ ಮಗು ನಗುತ್ತಿರುತ್ತದೆ, ತಾಯಿ ಮಾತ್ರ ಅಳುತ್ತಿರುತ್ತಾಳೆ.

ಊರಿನ ಮನೆಯಲ್ಲಾಗಿದ್ದರೆ ಅಜ್ಜಿಯೊಬ್ಬರು ಬಂದು ಮಗುವನ್ನು ಮಡಿಲಿಗೆ ಹಾಕಿಕೊಂಡು, ನೆಲಕ್ಕೆ ಎರಡೇಟು ಹೊಡೆದು, 'ನಿನ್ನನ್ನು ಬೀಳಿಸಿತೇ ಈ ನೆಲ!' ಎಂದು ಸಮಾಧಾನ ಹೇಳುತ್ತಿದ್ದರು. ಹತ್ತು ಮಕ್ಕಳನ್ನು ಕಂಡ ಕಣ್ಣಿಗೆ ಯಾವುದು ಹೆದರಬೇಕಾದುದು, ಯಾವುದು ಅಲ್ಲ ಎಂಬ ಅಂದಾಜು ಇರುತ್ತಿತ್ತು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಂತಹ ನಗರಗಳಲ್ಲಿ ನೆಲೆಸಿರುವ ನಮ್ಮ ತರುಣ ದಂಪತಿಗಳಿಗೆ ಆ ಅನುಕೂಲವಿಲ್ಲ. ಮನೆಯಲ್ಲಿ ಹಿರಿಯರಿಲ್ಲ. ಪಕ್ಕದ ಮನೆಯವರ ಭಾಷೆ ಬೇರೆ, ಆಸ್ಪತ್ರೆಯವರ ಭಾಷೆಯೂ ಬೇರೆ. ಆಗ ಮನಸ್ಸಿನಲ್ಲಿ ಎರಡು ಅಂಜಿಕೆಗಳು ಒಟ್ಟಿಗೆ ಹುಟ್ಟುತ್ತವೆ: 'ಇಷ್ಟಕ್ಕೆಲ್ಲ ಹೋದರೆ ವೈದ್ಯರು ನಕ್ಕಾರು' ಎಂಬುದು ಒಂದು, 'ಹೋಗದಿದ್ದರೆ ಮಗುವಿಗೆ ಏನಾದರೂ ಆದೀತು' ಎಂಬುದು ಇನ್ನೊಂದು.

ಈ ಎರಡು ಅಂಜಿಕೆಗಳ ನಡುವೆ ದಾರಿ ಕಂಡುಕೊಳ್ಳುವುದು ಹೇಗೆಂಬುದೇ ಇಂದಿನ ನನ್ನ ವಿಷಯ. ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಂತಹ ಪೆಟ್ಟುಗಳಲ್ಲಿ ಬಹುಪಾಲು ನಿರಪಾಯಕರ. ಅಪಾಯಕರವಾದ ಕೆಲವನ್ನು ಗುರುತಿಸಲು ವೈದ್ಯನಿಗೆ ಯಂತ್ರಕ್ಕಿಂತ ಮೊದಲು ಬೇಕಾಗುವುದು ಮಗುವಿನ ಬಳಿ ಇದ್ದವರು ಕಂಡದ್ದನ್ನು ಕಂಡ ಹಾಗೆ ಹೇಳುವ ಮಾತು. ಆದುದರಿಂದ ಕೇಳಲು ಸಂಕೋಚಪಡಬೇಡಿ, ಹೇಳಲು ಹೆದರಬೇಡಿ.

ಶಿಶುವಿನ ತಲೆಯ ವಿಶೇಷ

ನವಜಾತ ಶಿಶುವಿನ ದೇಹದ ಉದ್ದದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ತಲೆಯೇ ಆಗಿರುತ್ತದೆ. ವಯಸ್ಕರಲ್ಲಿ ಅದು ಸುಮಾರು ಎಂಟನೆಯ ಒಂದು ಪಾಲು ಮಾತ್ರ. ಹೀಗೆ ತಲೆ ಭಾರವಾಗಿಯೂ ಕುತ್ತಿಗೆ ಎಳೆಯದಾಗಿಯೂ ಇರುವುದರಿಂದ ಮಗು ಎಲ್ಲಿಂದ ಬಿದ್ದರೂ ತಲೆಯೇ ಮುಂದಾಗುತ್ತದೆ. ಕೈಯೂರಿ ತಡೆದುಕೊಳ್ಳುವ ಜಾಣ್ಮೆ ಇನ್ನೂ ಬಂದಿರುವುದಿಲ್ಲ.

ಆದರೆ ಪ್ರಕೃತಿ ಒಂದಿಷ್ಟು ರಕ್ಷಣೆಯನ್ನೂ ಒದಗಿಸಿದೆ. ಶಿಶುವಿನ ತಲೆಬುರುಡೆಯ ಎಲುಬುಗಳು ಇನ್ನೂ ಒಂದಕ್ಕೊಂದು ಬೆಸೆದುಕೊಂಡಿರುವುದಿಲ್ಲ, ಸ್ವಲ್ಪ ಬಾಗಬಲ್ಲವು. ನೆತ್ತಿಯ ಮೇಲೆ ಕೈಯಿಟ್ಟರೆ ಮೆತ್ತಗೆ ಮಿಡಿಯುವ ಭಾಗವೊಂದು ತಿಳಿಯುತ್ತದೆ. 'ನೆತ್ತಿ ಇನ್ನೂ ಕೂಡಿಲ್ಲ' ಎಂದು ನಾವು ಹೇಳುವುದು ಇದನ್ನೇ. ಇದು ಸಾಮಾನ್ಯವಾಗಿ 12ರಿಂದ 18 ತಿಂಗಳೊಳಗೆ ಮುಚ್ಚಿಕೊಳ್ಳುತ್ತದೆ. ಈ ನೆತ್ತಿಯನ್ನು ಮುಟ್ಟಲು ಅನೇಕರು ಹೆದರುತ್ತಾರೆ. ಅದರ ಅಡಿಯಲ್ಲಿ ಗಟ್ಟಿಯಾದ ಪೊರೆಯಿದೆ, ಮೃದುವಾಗಿ ಮುಟ್ಟಿದರೆ ಹಾನಿಯಿಲ್ಲ. ಅದಕ್ಕಿಂತ ಹೆಚ್ಚಾಗಿ, ಅದು ಮೆದುಳಿನ ಸ್ಥಿತಿಯನ್ನು ತಿಳಿಸುವ ಕಿಟಕಿಯಿದ್ದಂತೆ. ಮಗು ಅಳುವಾಗ ನೆತ್ತಿ ಉಬ್ಬುವುದು ಸಹಜ. ಅಳು ನಿಂತ ಮೇಲೆ, ಮಗುವನ್ನು ನೆಟ್ಟಗೆ ಎತ್ತಿ ಹಿಡಿದಾಗಲೂ ಅದು ಬಿಗಿದು ಉಬ್ಬಿಯೇ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇನ್ನು ಬುಗುಟಿನ ಮಾತು. ತಲೆಯ ಚರ್ಮಕ್ಕೆ ರಕ್ತಸಂಚಾರ ಹೇರಳವಾಗಿರುವುದರಿಂದ ಸಣ್ಣ ಪೆಟ್ಟಿಗೂ ನಿಂಬೆಹಣ್ಣಿನಷ್ಟು ಬುಗುಟು ಏಳುವುದುಂಟು. ಹಣೆಯ ಮೇಲಿನ ಗಟ್ಟಿ ಬುಗುಟು ನೋಡಲು ಭಯಂಕರವಾಗಿ ಕಂಡರೂ ಸಾಮಾನ್ಯವಾಗಿ ಅಷ್ಟು ಚಿಂತೆಗೆ ಕಾರಣವಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ತಲೆಯ ಪಕ್ಕದಲ್ಲಿ, ಕಿವಿಯ ಮೇಲ್ಭಾಗದಲ್ಲಿ ಅಥವಾ ಹಿಂಭಾಗದಲ್ಲಿ ನೀರು ತುಂಬಿದಂತೆ ಮೆತ್ತಗಿರುವ ಊತ ಚಿಕ್ಕದಾಗಿ ಕಂಡರೂ ವೈದ್ಯರು ಅದನ್ನು ಗಂಭೀರವಾಗಿ ಪರಿಗಣಿಸುತ್ತಾರೆ. ಅದರ ಅಡಿಯಲ್ಲಿ ಎಲುಬು ಬಿರಿದಿರುವ ಸಂಭವ ಹೆಚ್ಚು. ಕೂದಲಿನ ಮರೆಯಲ್ಲಿರುವ ಈ ಊತ ಕಣ್ಣಿಗೆ ಬೀಳುವುದಿಲ್ಲ. ಆದುದರಿಂದ ಮಗು ಬಿದ್ದ ಮೇಲೆ ಹಣೆಯನ್ನಷ್ಟೇ ನೋಡದೆ ಇಡೀ ತಲೆಯನ್ನು ಬೆರಳುಗಳಿಂದ ಮೃದುವಾಗಿ ಸವರಿ ನೋಡಬೇಕು.

ಬಿದ್ದ ಕೂಡಲೇ ಮಾಡಬೇಕಾದುದು

ಮೊದಲನೆಯದಾಗಿ, ಮಗುವನ್ನು ಎತ್ತಿಕೊಳ್ಳುವ ಮುನ್ನ ಒಂದು ಕ್ಷಣ ನೋಡಿ. ಕಣ್ಣು ತೆರೆದಿದೆಯೇ, ಅಳುತ್ತಿದೆಯೇ, ಕೈಕಾಲುಗಳನ್ನು ಆಡಿಸುತ್ತಿದೆಯೇ? ಪೆಟ್ಟು ಬಿದ್ದೊಡನೆ ಗಟ್ಟಿಯಾಗಿ ಅತ್ತರೆ ಅದು ಒಳ್ಳೆಯ ಲಕ್ಷಣವೇ. ಎತ್ತರದಿಂದ ಬಿದ್ದಿದ್ದು, ಮಗು ನಿಶ್ಚೇಷ್ಟಿತವಾಗಿದ್ದರೆ ಕುತ್ತಿಗೆಗೂ ಪೆಟ್ಟಾಗಿರಬಹುದೆಂದು ಭಾವಿಸಿ, ತಲೆ ಕುತ್ತಿಗೆಗಳನ್ನು ಅಲುಗಿಸದೆ ನೆರವಿಗೆ ಕರೆಯಬೇಕು. ಉಸಿರಾಟವನ್ನು ಗಮನಿಸುತ್ತಿರಬೇಕು.

ಎರಡನೆಯದಾಗಿ, ಏನೇ ಆದರೂ ಮಗುವನ್ನು ಕುಲುಕಬೇಡಿ. ಗಾಬರಿಯಲ್ಲಿ 'ಏಳು, ಏಳು' ಎಂದು ಹಿಡಿದು ಅಲ್ಲಾಡಿಸುವವರಿದ್ದಾರೆ. ಶಿಶುವನ್ನು ಜೋರಾಗಿ ಕುಲುಕುವುದರಿಂದ ಮೆದುಳಿನ ಸುತ್ತಲಿನ ಸೂಕ್ಷ್ಮ ರಕ್ತನಾಳಗಳು ಹರಿಯಬಹುದು. ಬಿದ್ದದ್ದಕ್ಕಿಂತ ಕುಲುಕಿದ್ದೇ ಹೆಚ್ಚಿನ ಅಪಾಯ ತಂದೀತು.

ಮೂರನೆಯದಾಗಿ, ಗಾಯವಾಗಿ ರಕ್ತ ಬರುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುನಡುವೆ ತೆಗೆದು ನೋಡಬೇಡಿ. ಗಾಯದಡಿಯ ಎಲುಬು ತಗ್ಗಾಗಿರುವಂತೆ ಕಂಡರೆ ಮಾತ್ರ ಒತ್ತದೆ ಬಟ್ಟೆಯನ್ನು ಮೇಲೆ ಹಗುರವಾಗಿ ಮುಚ್ಚಿ ಆಸ್ಪತ್ರೆಗೆ ಧಾವಿಸಿರಿ. ಕಾಫಿಪುಡಿ, ಅರಿಸಿನ, ಸುಣ್ಣ ಮುಂತಾದುವನ್ನು ಗಾಯಕ್ಕೆ ತುಂಬಬಾರದು. ಹೊಲಿಗೆ ಹಾಕುವ ಮುನ್ನ ಅವನ್ನೆಲ್ಲ ತೊಳೆದು ತೆಗೆಯಬೇಕಾಗುತ್ತದೆ, ಮಗುವಿಗೆ ನೋವು ಇಮ್ಮಡಿಯಾಗುತ್ತದೆ.

ಬುಗುಟಿನ ಮೇಲೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನೋ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನೋ ಹತ್ತು ನಿಮಿಷ ಇಡಬಹುದು. ಮಂಜುಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ತಗುಲಿಸಬಾರದು. ಎಣ್ಣೆ ಹಚ್ಚಿ ಉಜ್ಜಿ ಬುಗುಟನ್ನು 'ಇಳಿಸುವ' ಪ್ರಯತ್ನ ಬೇಡ. ಸೆರಗಿನ ಗಂಟಿಗೆ ಬಿಸಿಯುಸಿರು ಊದಿ ಮೃದುವಾಗಿ ಒತ್ತುವ ನಮ್ಮ ಅಜ್ಜಿಯರ ವಾತ್ಸಲ್ಯಕ್ಕೆ ನನ್ನ ವಿರೋಧವಿಲ್ಲ. ದೃಷ್ಟಿ ನಿವಾಳಿಸುವುದಕ್ಕೂ ಇಲ್ಲ. ಆದರೆ ಅಪಾಯದ ಲಕ್ಷಣಗಳಿರುವಾಗ ಇವುಗಳಲ್ಲಿ ಹೊತ್ತು ಕಳೆಯಬಾರದು.

ನೋವಿಗೆ ವೈದ್ಯರನ್ನು ಕೇಳಿ ಪ್ಯಾರಸಿಟಮಾಲ್ ಕೊಡಬಹುದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಔಷಧಿ ಹನಿಯ ರೂಪದಲ್ಲಿಯೂ ಸಿರಪ್ಪಿನ ರೂಪದಲ್ಲಿಯೂ ದೊರೆಯುತ್ತದೆ, ಎರಡರ ತೀಕ್ಷ್ಣತೆಯೂ ಒಂದೇ ಅಲ್ಲ. ಸಿರಪ್ಪಿನ 5 ಮಿಲಿಲೀಟರಿನಲ್ಲಿ 125 ಅಥವಾ 250 ಮಿಲಿಗ್ರಾಂ ಇದ್ದರೆ, ಹನಿಯ ಬಾಟಲಿಯ ಒಂದೇ ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಇರುವುದುಂಟು. ಸಿರಪ್ಪಿನ ಅಳತೆಯಲ್ಲಿ ಹನಿಯನ್ನು ಕೊಟ್ಟರೆ ಪ್ರಮಾಣ ಹಲವು ಪಟ್ಟಾಗುತ್ತದೆ. ಬಾಟಲಿಯ ಮೇಲಿನ ಬರಹವನ್ನು ವೈದ್ಯರಿಗೆ ಓದಿ ಹೇಳಿ, ಮಗುವಿನ ತೂಕಕ್ಕೆ ತಕ್ಕ ಪ್ರಮಾಣವನ್ನು ಕೇಳಿಕೊಳ್ಳಿ. ಆಸ್ಪಿರಿನ್ ಮಾತ್ರೆಯನ್ನು ಮಕ್ಕಳಿಗೆ ಕೊಡಲೇಬಾರದು.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಈ ಕೆಳಗಿನವುಗಳಲ್ಲಿ ಯಾವುದೊಂದು ಕಂಡರೂ ಫೋನಿನಲ್ಲಿ ಸಲಹೆ ಕೇಳುತ್ತ ಕುಳಿತುಕೊಳ್ಳಬಾರದು. ಮಗುವನ್ನು ಎತ್ತಿಕೊಂಡು ಹೊರಡಬೇಕು.

1. ಕೆಲವು ಕ್ಷಣಗಳಾದರೂ ಪ್ರಜ್ಞೆ ತಪ್ಪಿದ್ದುದು, ಅಥವಾ ಕರೆದರೂ ಮುಟ್ಟಿದರೂ ಸರಿಯಾಗಿ ಸ್ಪಂದಿಸದಿರುವುದು.
2. ಎಚ್ಚರಿಸಲು ಕಷ್ಟವಾಗುವಂತಹ ಅಸಹಜ ಮಂಪರು.
3. ಫಿಟ್ಸ್, ಅಂದರೆ ಕೈಕಾಲು ಸೆಳೆತ.
4. ಒಂದಕ್ಕಿಂತ ಹೆಚ್ಚು ಬಾರಿ ವಾಂತಿ.
5. ಎಷ್ಟು ಸಮಾಧಾನಪಡಿಸಿದರೂ ನಿಲ್ಲದ, ಕೀರಲು ದನಿಯ ಅಳು. ಹಾಲು ಕುಡಿಯಲು ನಿರಾಕರಿಸುವುದು.
6. ಕಿವಿ ಅಥವಾ ಮೂಗಿನಿಂದ ರಕ್ತವಾಗಲಿ ತಿಳಿನೀರಿನಂತಹ ದ್ರವವಾಗಲಿ ಸೋರುವುದು. ಕಣ್ಣಿನ ಸುತ್ತ ಅಥವಾ ಕಿವಿಯ ಹಿಂದೆ ಚರ್ಮ ಕಪ್ಪುಗಟ್ಟುವುದು.
7. ಎರಡು ಕಣ್ಣಿನ ಪಾಪೆಗಳು ಒಂದೇ ಗಾತ್ರದಲ್ಲಿಲ್ಲದಿರುವುದು.
8. ಒಂದು ಕೈ ಅಥವಾ ಕಾಲನ್ನು ಮೊದಲಿನಂತೆ ಆಡಿಸದಿರುವುದು.
9. ಅಳದಿರುವಾಗಲೂ ಉಬ್ಬಿರುವ ನೆತ್ತಿ, ತಲೆಯಲ್ಲಿ ತಗ್ಗು, ಅಥವಾ ಹಣೆಯ ಹೊರತು ಬೇರೆಡೆ ಮೆತ್ತನೆಯ ಊತ.
10. ಒತ್ತಿ ಹಿಡಿದರೂ ನಿಲ್ಲದ ರಕ್ತಸ್ರಾವ.

ನೆರವಿಗೆ 112 ಎಂಬ ಸಂಖ್ಯೆ ದೇಶದಾದ್ಯಂತ ತುರ್ತು ಕರೆಗಾಗಿ ಇದೆ. ಆಂಬುಲೆನ್ಸಿಗಾಗಿ ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣಗಳಲ್ಲಿ 108, ದೆಹಲಿಯಲ್ಲಿ 102 ಸಂಖ್ಯೆಗಳಿವೆ. ಇವನ್ನು ಇಂದೇ ಬರೆದು ಮನೆಯ ಗೋಡೆಗೆ ಅಂಟಿಸಿಡಿ. ಮಗು ಬಿದ್ದ ದಿನ ಹುಡುಕಬೇಕಾಗಬಾರದು.

ಮಗು ಚೆನ್ನಾಗಿದ್ದರೂ ಸಲಹೆ ಕೇಳಬೇಕಾದ ಸಂದರ್ಭಗಳು

ಮೂರು ತಿಂಗಳೊಳಗಿನ ಶಿಶುವಿನ ತಲೆಗೆ ಪೆಟ್ಟಾದರೆ ಯಾವ ಲಕ್ಷಣವೂ ಇಲ್ಲದಿದ್ದರೂ ವೈದ್ಯರಿಗೆ ತೋರಿಸಲೇಬೇಕು. ಅಷ್ಟು ಎಳೆಯ ಶಿಶುವಿನಲ್ಲಿ ಒಳಗಿನ ತೊಂದರೆ ಹೊರಗೆ ಸ್ಪಷ್ಟವಾಗಿ ಕಾಣದಿರಬಹುದು. ಒಂದು ವರ್ಷದೊಳಗಿನ ಮಗುವಿನ ವಿಷಯದಲ್ಲಿ ಒಮ್ಮೆ ವೈದ್ಯರನ್ನು ವಿಚಾರಿಸುವುದು ಉಚಿತ. ಎರಡು ವರ್ಷದೊಳಗಿನ ಮಗು ಸುಮಾರು ಮೂರು ಅಡಿಗಿಂತ ಹೆಚ್ಚು ಎತ್ತರದಿಂದ ಬಿದ್ದಿದ್ದರೆ, ಮೆಟ್ಟಿಲುಗಳಿಂದ ಉರುಳಿದ್ದರೆ, ವಾಹನದಿಂದ ಬಿದ್ದಿದ್ದರೆ, ಅಥವಾ ಭಾರವಾದ ವಸ್ತು ತಲೆಯ ಮೇಲೆ ಬಿದ್ದಿದ್ದರೆ ತೋರಿಸಬೇಕು. ರಕ್ತ ಬೇಗನೆ ಹೆಪ್ಪುಗಟ್ಟದ ಕಾಯಿಲೆಯಿರುವ ಮಗುವನ್ನು ಸಣ್ಣ ಪೆಟ್ಟಿಗೂ ಕರೆದೊಯ್ಯಬೇಕು. ಹುಟ್ಟಿದಾಗ ವಿಟಮಿನ್ ಕೆ ಚುಚ್ಚುಮದ್ದು ಕೊಟ್ಟಿರದ ಎಳೆಯ ಶಿಶುವಿನ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಹೇಗೆ ಪೆಟ್ಟಾಯಿತೆಂದು ಯಾರಿಗೂ ತಿಳಿಯದಿರುವಾಗಲೂ ತೋರಿಸುವುದೇ ಸರಿ.

ಇವೆಲ್ಲವುಗಳ ಜೊತೆಗೆ ಇನ್ನೊಂದು ಕಾರಣವಿದೆ. 'ಏನೆಂದು ಹೇಳಲಾರೆ, ಆದರೆ ನನ್ನ ಮಗು ಎಂದಿನಂತಿಲ್ಲ' ಎಂದು ತಾಯಿಗೆ ಅನ್ನಿಸಿದರೆ ಅಷ್ಟೇ ಸಾಕು, ಬರಬೇಕು. ಇದು ಸೌಜನ್ಯಕ್ಕಾಗಿ ಹೇಳುವ ಮಾತಲ್ಲ. ಇದಕ್ಕೆ ವೈದ್ಯಶಾಸ್ತ್ರದ ಆಧಾರವಿದೆ.

ವೈದ್ಯರು ಏನನ್ನು ತೂಗಿ ನೋಡುತ್ತಾರೆ?

ಉತ್ತರ ಅಮೆರಿಕದ 25 ಆಸ್ಪತ್ರೆಗಳ ತುರ್ತುಚಿಕಿತ್ಸಾ ವಿಭಾಗಗಳಲ್ಲಿ ನಡೆದ ವಿಸ್ತಾರವಾದ ಅಧ್ಯಯನವೊಂದು 2009ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ತಲೆಗೆ ಪೆಟ್ಟಾಗಿ, ಎಚ್ಚರವಾಗಿದ್ದು ಅಥವಾ ಸ್ವಲ್ಪ ಮಾತ್ರ ಮಂಕಾಗಿದ್ದು, ಒಂದು ದಿನದೊಳಗೆ ಆಸ್ಪತ್ರೆಗೆ ಬಂದ 42,412 ಮಕ್ಕಳನ್ನು ಅದರಲ್ಲಿ ಪರಿಶೀಲಿಸಲಾಗಿತ್ತು. ಅವರಲ್ಲಿ ಮೆದುಳಿಗೆ ಗಣನೀಯವಾದ ಪೆಟ್ಟು ಆಗಿದ್ದವರು 376, ಅಂದರೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಮೆದುಳಿನ ಶಸ್ತ್ರಚಿಕಿತ್ಸೆ ಬೇಕಾದುದು 60 ಮಕ್ಕಳಿಗೆ. ನಾನು ಆರಂಭದಲ್ಲಿ 'ಬಹುಪಾಲು ನಿರಪಾಯಕರ' ಎಂದುದು ಇದನ್ನು ನೆನೆದೇ. ಆದರೆ ಆ 376 ಮಕ್ಕಳನ್ನು ಉಳಿದವರಿಂದ ಬೇರ್ಪಡಿಸಿ ಗುರುತಿಸುವುದು ಹೇಗೆ?

ಎರಡು ವರ್ಷದೊಳಗಿನ ಮಕ್ಕಳಿಗೆ ಆ ಅಧ್ಯಯನ ಆರು ಪ್ರಶ್ನೆಗಳನ್ನು ಗೊತ್ತುಪಡಿಸಿತು. ಮಗು ಪೂರ್ಣ ಎಚ್ಚರದಲ್ಲಿದೆಯೇ? ಹಣೆಯ ಹೊರತು ತಲೆಯ ಬೇರೆಡೆ ಊತವಿದೆಯೇ? ಐದು ಸೆಕೆಂಡುಗಳಷ್ಟು ಅಥವಾ ಅದಕ್ಕೂ ಹೆಚ್ಚು ಹೊತ್ತು ಪ್ರಜ್ಞೆ ತಪ್ಪಿತ್ತೇ? ಬಿದ್ದ ರೀತಿ ತೀವ್ರವಾದುದೇ? ಕೈಗೆ ತಿಳಿಯುವಂತೆ ಎಲುಬು ಮುರಿದಿದೆಯೇ? ಆರನೆಯ ಪ್ರಶ್ನೆ: ತಂದೆತಾಯಿಯರ ದೃಷ್ಟಿಯಲ್ಲಿ ಮಗು ಎಂದಿನಂತೆ ವರ್ತಿಸುತ್ತಿದೆಯೇ? ಈ ಪ್ರಶ್ನೆಗಳನ್ನು ಬೇರೆ ಮಕ್ಕಳ ಮೇಲೆ ಪರೀಕ್ಷಿಸಿ ನೋಡಿದಾಗ, ಆರರಲ್ಲಿ ಒಂದು ದೋಷವೂ ಇಲ್ಲದಿದ್ದ 1,176 ಶಿಶುಗಳಲ್ಲಿ ಒಂದಕ್ಕೂ ಮೆದುಳಿನ ಗಣನೀಯ ಪೆಟ್ಟು ಇರಲಿಲ್ಲ.

ಇಲ್ಲಿ ನಾವು ಗಮನಿಸಬೇಕಾದುದು ಆರನೆಯ ಪ್ರಶ್ನೆಯನ್ನು. ಅದಕ್ಕೆ ಉತ್ತರ ಕೊಡಬಲ್ಲವರು ವೈದ್ಯರಲ್ಲ, ಮಗುವನ್ನು ದಿನವೂ ನೋಡುವವರು. ಎಚ್ಚರ ತಪ್ಪಿತ್ತೇ, ಹೇಗೆ ಬಿತ್ತು ಎಂಬ ಪ್ರಶ್ನೆಗಳಿಗೂ ಉತ್ತರ ಅವರಲ್ಲಿಯೇ ಇದೆ. ಅಂದರೆ ಆರರಲ್ಲಿ ಮೂರು ಪ್ರಶ್ನೆಗಳ ಉತ್ತರವನ್ನು ನೀವೇ ಆಸ್ಪತ್ರೆಗೆ ತರಬೇಕು. ತಾಯಿಯ ಮಾತು ರೋಗನಿರ್ಣಯದ ಒಂದು ಅಂಗವೆಂಬುದು ಹೀಗೆ.

'ಏಕೆ ಇಷ್ಟೆಲ್ಲ ಪ್ರಶ್ನೆ, ಒಂದು ಸಿ.ಟಿ. ಸ್ಕ್ಯಾನ್ ಮಾಡಿಬಿಡಿ' ಎಂದು ಒತ್ತಾಯಿಸುವವರಿದ್ದಾರೆ. ಸ್ಕ್ಯಾನ್ ಬೇಕಾದಾಗ ಅದು ಪ್ರಾಣ ಉಳಿಸುವ ಸಾಧನ, ಆಗ ಹಿಂಜರಿಯಬಾರದು. ಆದರೆ ಅದರಲ್ಲಿ ಬಳಸುವ ಕ್ಷ-ಕಿರಣಗಳಿಗೆ ಎಳೆಯ ಮಕ್ಕಳ ಅಂಗಾಂಶಗಳು ದೊಡ್ಡವರಿಗಿಂತ ಹೆಚ್ಚು ಸೂಕ್ಷ್ಮ. ಮುಂದೆ ಬಹಳ ಕಾಲದ ಮೇಲೆ ಕ್ಯಾನ್ಸರ್ ಬರುವ ಸಂಭವ ಅತ್ಯಲ್ಪವಾಗಿಯಾದರೂ ಹೆಚ್ಚುತ್ತದೆ. ಮಗು ಅಲುಗಾಡದಿರಲೆಂದು ಕೆಲವೊಮ್ಮೆ ನಿದ್ರೆಯ ಔಷಧಿಯನ್ನೂ ಕೊಡಬೇಕಾಗುತ್ತದೆ. ಆದುದರಿಂದ ಅನುಮಾನ ಸ್ವಲ್ಪವೇ ಇದ್ದಾಗ ವೈದ್ಯರು ನಾಲ್ಕಾರು ಗಂಟೆ ಆಸ್ಪತ್ರೆಯಲ್ಲಿಯೇ ಇರಿಸಿಕೊಂಡು ಗಮನಿಸುತ್ತಾರೆ. ಇದು ಉದಾಸೀನವಲ್ಲ, ಇದೂ ಒಂದು ಪರೀಕ್ಷೆಯೇ. 'ಏಕೆ ಸ್ಕ್ಯಾನ್ ಮಾಡುತ್ತಿಲ್ಲ?' ಎಂದು ಕೇಳುವ ಹಕ್ಕು ನಿಮಗಿದೆ. 'ಏಕೆ ಮಾಡುತ್ತಿದ್ದೀರಿ?' ಎಂದು ಕೇಳುವ ಹಕ್ಕೂ ಅಷ್ಟೇ ಇದೆ.

ಮುಚ್ಚಿಡಬಾರದ ಮಾತು

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಎಂಟು ತಿಂಗಳ ಹೆಣ್ಣುಮಗುವನ್ನು ನನ್ನಲ್ಲಿಗೆ ಕರೆತಂದರು. ಬೆಳಗಿನಿಂದ ಮೂರು ಬಾರಿ ವಾಂತಿಯಾಗಿತ್ತು. ಜ್ವರವಿರಲಿಲ್ಲ, ಭೇದಿಯಿರಲಿಲ್ಲ. 'ಪ್ಯಾಕೆಟ್ ಹಾಲು ಹಿಡಿಸಿಲ್ಲ' ಎಂದು ಅಜ್ಜಿ ಹೇಳಿದರು. 'ಹಲ್ಲು ಬರುತ್ತಿರಬೇಕು' ಎಂದು ತಂದೆ ಹೇಳಿದರು. ತಾಯಿ ಏನನ್ನೂ ಹೇಳದೆ ಗೋಡೆಗೆ ಒರಗಿ ನಿಂತಿದ್ದರು. ಮಗುವಿನ ತಲೆ ಸವರುತ್ತಿದ್ದಾಗ ಎಡಗಿವಿಯ ಮೇಲೆ ಮೆತ್ತನೆಯ ಊತವೊಂದು ಬೆರಳಿಗೆ ಸಿಕ್ಕಿತು. ಉಳಿದವರನ್ನು ಹೊರಗೆ ಕುಳ್ಳಿರಿಸಿ, 'ಏನಾಯಿತಮ್ಮ?' ಎಂದು ಕೇಳಿದೆ.

ಹಿಂದಿನ ಸಂಜೆ ಅವರು ಮಗುವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕುಳ್ಳಿರಿಸಿ, ಕುಕ್ಕರ್ ಇಳಿಸಲು ತಿರುಗಿದ್ದರು. ಅಷ್ಟರಲ್ಲಿ ಮಗು ಬಿದ್ದಿತ್ತು. ಸ್ವಲ್ಪ ಅತ್ತು, ಹಾಲು ಕುಡಿದು ಮಲಗಿತ್ತು. 'ಅತ್ತೆಯವರು ಊರಿನಿಂದ ಬಂದು ನಾಲ್ಕೇ ದಿನ ಆಗಿತ್ತು, ಡಾಕ್ಟರೇ. ಒಂದು ಮಗುವನ್ನು ನೋಡಿಕೊಳ್ಳಲು ಬರುವುದಿಲ್ಲವೇ ಎಂದು ಕೇಳುತ್ತಾರೆಂದು ಹೆದರಿ ಸುಮ್ಮನಾದೆ' ಎಂದರು. ಸ್ಕ್ಯಾನಿನಲ್ಲಿ ಎಲುಬಿನ ಬಿರುಕೂ ಅದರಡಿ ಸ್ವಲ್ಪ ರಕ್ತವೂ ಕಂಡವು. ಅದೃಷ್ಟವಶಾತ್ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಆಸ್ಪತ್ರೆಯಲ್ಲಿ ನಿಗಾದಲ್ಲಿದ್ದು ಮಗು ಚೇತರಿಸಿಕೊಂಡಿತು. ಆದರೆ ಸುಮಾರು ಇಪ್ಪತ್ತು ಗಂಟೆಗಳ ಕಾಲ ಆ ಮಗುವಿನ ಕ್ಷೇಮ ಒಂದು ಹೆದರಿಕೆಯ ಕೈಯಲ್ಲಿತ್ತು.

ನಾನು ಆ ತಾಯಿಯನ್ನು ದೂಷಿಸಲಾರೆ. ಕುಟುಂಬದ ಹಿರಿಯರಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಮಗು ಬಿದ್ದಾಗ ಮೊದಲು ಕೇಳಬೇಕಾದ ಪ್ರಶ್ನೆ 'ಯಾರ ತಪ್ಪು?' ಎಂಬುದಲ್ಲ. 'ಎಷ್ಟು ಹೊತ್ತಿಗೆ, ಎಲ್ಲಿಂದ, ಹೇಗೆ ಬಿತ್ತು?' ಎಂಬುದು. ಮನೆಗೆಲಸದವರು, ಮಗುವನ್ನು ನೋಡಿಕೊಳ್ಳುವ ಆಯಾ, ಶಿಶುವಿಹಾರದವರು, ಹಿರಿಯ ಮಕ್ಕಳು, ಇವರೆಲ್ಲರಿಗೂ ಮೊದಲೇ ಹೇಳಿಡಿ: 'ಮಗು ಬಿದ್ದರೆ ಬೈಯುವುದಿಲ್ಲ, ಆದರೆ ಆ ಕ್ಷಣವೇ ತಿಳಿಸಬೇಕು.' ಈ ಒಂದು ವಾಕ್ಯ ನಿಮ್ಮ ಮನೆಯ ಅತ್ಯುತ್ತಮ ಪ್ರಥಮ ಚಿಕಿತ್ಸೆ.

ಇನ್ನೊಂದು ಮಾತು. ವೈದ್ಯರು ಒಂದೇ ಪ್ರಶ್ನೆಯನ್ನು ಎರಡು ಮೂರು ಬಾರಿ ಕೇಳಿದರೆ ಮುನಿಯಬೇಡಿ. ಹೇಳಿದ ಕಥೆಗೂ ಗಾಯಕ್ಕೂ ಹೊಂದಾಣಿಕೆಯಿದೆಯೇ ಎಂದು ನೋಡುವುದು ಅವರ ಕರ್ತವ್ಯ. ಮಾತನಾಡಲಾರದ ಮಗುವಿನ ಪರವಾಗಿ ಅವರು ಕೇಳುತ್ತಿರುತ್ತಾರೆ.

ಪರಭಾಷೆಯ ಆಸ್ಪತ್ರೆಯಲ್ಲಿ

ಹೊರನಾಡಿನಲ್ಲಿರುವ ನಮಗೆ ಭಾಷೆಯದೊಂದು ತೊಡಕು ಸೇರಿಕೊಳ್ಳುತ್ತದೆ. ಮಾರುಕಟ್ಟೆಯ ವ್ಯವಹಾರಕ್ಕೆ ಸಾಲುವ ಹಿಂದಿ, ಮರಾಠಿ, ತಮಿಳು, ತೆಲುಗುಗಳು ಗಾಬರಿಯ ಹೊತ್ತಿನಲ್ಲಿ ಕೈಕೊಡುತ್ತವೆ. ತಮಿಳಿನ 'ಮಯಕ್ಕಂ' ಎಂಬ ಪದ ತಲೆಸುತ್ತಿಗೂ ಸಲ್ಲುತ್ತದೆ, ಮೂರ್ಛೆಗೂ ಸಲ್ಲುತ್ತದೆ. ಹಿಂದಿಯಲ್ಲಿ 'ಚಕ್ಕರ್' ಎಂದರೆ ತಲೆಸುತ್ತು, 'ಬೇಹೋಶ್' ಎಂದರೆ ಪ್ರಜ್ಞೆ ತಪ್ಪಿದ ಸ್ಥಿತಿ. ಒಂದರ ಬದಲು ಇನ್ನೊಂದನ್ನು ಹೇಳಿದರೆ ಚಿಕಿತ್ಸೆಯ ದಾರಿಯೇ ಬದಲಾದೀತು. ಆದುದರಿಂದ ಪದಕ್ಕಾಗಿ ಹುಡುಕಾಡದೆ ಕಂಡದ್ದನ್ನು ಬಿಡಿಸಿ ಹೇಳಿ: 'ಕಣ್ಣು ಮುಚ್ಚಿತ್ತು, ಕರೆದರೆ ಓಗೊಡಲಿಲ್ಲ, ಹತ್ತು ಎಣಿಸುವಷ್ಟು ಹೊತ್ತು ಹಾಗೆಯೇ ಇತ್ತು.' ಇಂತಹ ಮಾತು ಯಾವ ಭಾಷೆಗೆ ತಿರುಗಿಸಿದರೂ ತಪ್ಪಾಗಲಾರದು.

ಹೊರಡುವ ಮುನ್ನ ಒಂದು ಚೀಟಿಯಲ್ಲಿ ಇಷ್ಟನ್ನು ಬರೆದುಕೊಳ್ಳಿ: ಬಿದ್ದ ಸಮಯ, ಎತ್ತರ, ನೆಲ ಯಾವ ಬಗೆಯದು, ಕೂಡಲೇ ಅತ್ತಿತೇ, ಎಷ್ಟು ಬಾರಿ ವಾಂತಿಯಾಯಿತು, ಕೊನೆಯ ಬಾರಿ ಹಾಲು ಕುಡಿದುದು ಯಾವಾಗ, ಯಾವ ಔಷಧಿ ಕೊಟ್ಟಿರಿ. ಮಗುವಿನ ಲಸಿಕೆಯ ಪುಸ್ತಕ ಅಥವಾ ತಾಯಿ ಕಾರ್ಡ್ ಜೊತೆಯಲ್ಲಿರಲಿ. ಹೆರಿಗೆ ತವರೂರಿನಲ್ಲಾಗಿ ದಾಖಲೆಗಳೂ ಅಲ್ಲಿಯೇ ಉಳಿದಿದ್ದರೆ ಅವುಗಳ ಚಿತ್ರವನ್ನು ಇಂದೇ ನಿಮ್ಮ ಮೊಬೈಲಿಗೆ ತರಿಸಿಕೊಳ್ಳಿ. ಊರಿನ ಪರಿಚಿತ ವೈದ್ಯರೊಡನೆ ಕನ್ನಡದಲ್ಲಿಯೇ ಫೋನಿನಲ್ಲಿ ಮಾತನಾಡಬಹುದು. ದೂರದಿಂದ ಸಲಹೆ ನೀಡಲು 2020ರಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿಗಳನ್ನು ಹೊರಡಿಸಿದೆ. 'ಇ-ಸಂಜೀವನಿ' ಎಂಬ ಸರ್ಕಾರಿ ಸೇವೆಯಲ್ಲಿ ಉಚಿತವಾಗಿ ವೈದ್ಯರನ್ನು ಕಾಣಬಹುದು. ಆದರೆ ಆಗ ಹೇಳಿದ ಹತ್ತು ಲಕ್ಷಣಗಳಲ್ಲಿ ಒಂದಿದ್ದರೂ ಫೋನು ಆಸ್ಪತ್ರೆಗೆ ಬದಲಿಯಲ್ಲ. ದೂರದಲ್ಲಿರುವ ವೈದ್ಯ ಮಗುವಿನ ತಲೆಯನ್ನು ಮುಟ್ಟಿ ನೋಡಲಾರ.

ಮನೆಯಲ್ಲಿ ನಿಗಾ

ವೈದ್ಯರು ನೋಡಿ, 'ಮನೆಗೆ ಹೋಗಬಹುದು' ಎಂದ ಮೇಲೂ ಎರಡು ದಿನ, ಅದರಲ್ಲಿಯೂ ಮೊದಲ 24 ಗಂಟೆಗಳ ಕಾಲ, ಮಗುವನ್ನು ಗಮನಿಸುತ್ತಿರಬೇಕು. ಈ ಅವಧಿಯಲ್ಲಿ ಮಗುವಿನ ಬಳಿ ಯಾರಾದರೂ ಹಿರಿಯರು ಇರಲಿ. ಹೊಸದಾಗಿ ಯಾವುದಾದರೂ ಲಕ್ಷಣ ಕಂಡರೆ, 'ನಿನ್ನೆಯೇ ತೋರಿಸಿದ್ದೇವಲ್ಲ' ಎಂದು ಸುಮ್ಮನಾಗದೆ ಮತ್ತೆ ಹೋಗಬೇಕು.

ತಲೆಗೆ ಪೆಟ್ಟಾದ ಮಗುವನ್ನು ಮಲಗಗೊಡಬಾರದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅತ್ತು ದಣಿದ ಮಗುವನ್ನು ಮುಖಕ್ಕೆ ನೀರು ಚಿಮುಕಿಸಿ ಎಚ್ಚರವಾಗಿಡುವುದು ಹಿಂಸೆ. ಮಗು ಎಂದಿನಂತೆ ವರ್ತಿಸುತ್ತಿದ್ದು, ಅದರ ನಿದ್ರೆಯ ವೇಳೆಯೂ ಆಗಿದ್ದರೆ ಮಲಗಲಿ. ನಿದ್ರೆ ಮೆದುಳಿಗೆ ಹಾನಿ ಮಾಡುವುದಿಲ್ಲ. ನಮಗಿರುವ ಆತಂಕವೆಲ್ಲ ನಿದ್ರೆಯನ್ನೂ ಮಂಪರನ್ನೂ ಬೇರೆಬೇರೆಯಾಗಿ ಗುರುತಿಸುವುದು ಹೇಗೆಂಬುದು. ಆಗಾಗ ಹೋಗಿ ನೋಡಿ. ಉಸಿರು ಸಮವಾಗಿದೆಯೇ, ಮೈಬಣ್ಣ ಸಹಜವಾಗಿದೆಯೇ, ಕೆನ್ನೆ ಸವರಿದರೆ ಮುಖ ತಿರುಗಿಸಿ ಮುಲುಗುತ್ತದೆಯೇ? ಹಾಗಿದ್ದರೆ ಅದು ನಿದ್ರೆ. ನಿದ್ರೆಯ ವೇಳೆಯಲ್ಲದ ವೇಳೆಯಲ್ಲಿ ತೂಗಾಡಿದರೆ, ಎಬ್ಬಿಸಿದರೆ ಏಳದಿದ್ದರೆ, ಅದು ಮಂಪರು. ಆಗ ಕಾಯಬಾರದು.

ಬೀಳದಂತೆ ಎಚ್ಚರ

ಕೊನೆಯದಾಗಿ ಮುನ್ನೆಚ್ಚರಿಕೆಯ ಒಂದೆರಡು ಮಾತು. 'ನಮ್ಮ ಮಗುವಿಗೆ ಇನ್ನೂ ಮಗುಚಲು ಬರುವುದಿಲ್ಲ' ಎಂಬ ಭರವಸೆಯಿಂದ ಮಂಚದ ಮೇಲೆ ಒಂಟಿಯಾಗಿ ಬಿಡಬೇಡಿ. ಮೊದಲ ಬಾರಿ ಮಗುಚುವ ದಿನವನ್ನು ಯಾವ ಮಗುವೂ ಮುಂಚಿತವಾಗಿ ತಿಳಿಸುವುದಿಲ್ಲ. ಸುತ್ತ ದಿಂಬು ಜೋಡಿಸಿದರೆ ಸಾಲದು. ದಿಂಬು ಮಗುವನ್ನು ತಡೆಯುವುದಿಲ್ಲ, ಎಳೆಗೂಸಿನ ಉಸಿರಿಗೂ ಅಡ್ಡಿಯಾದೀತು. ನೆಲದ ಮೇಲೆ ಚಾಪೆ ಹಾಸಿ ಗಟ್ಟಿಯಾದ ತೆಳು ಹಾಸಿಗೆಯಲ್ಲಿ ಮಲಗಿಸುವುದೇ ಕ್ಷೇಮ. ಅಡುಗೆಮನೆಯ ಕಟ್ಟೆ, ಮೇಜು, ವಾಷಿಂಗ್ ಮೆಷಿನ್ ಇವುಗಳ ಮೇಲೆ ಕ್ಷಣಕಾಲವೂ ಕುಳ್ಳಿರಿಸಬಾರದು. ಜೋಲಿ ಕಟ್ಟಿದ್ದರೆ ಕೊಕ್ಕೆಯನ್ನೂ ಗಂಟನ್ನೂ ಪ್ರತಿದಿನ ಜಗ್ಗಿ ನೋಡಿ.

ಚಕ್ರಗಳಿರುವ ವಾಕರಿನಲ್ಲಿ ಕುಳ್ಳಿರಿಸಿದರೆ ಮಗು ಬೇಗ ನಡೆಯುತ್ತದೆಂಬುದು ಭ್ರಮೆ. ಅದರಿಂದ ನಡಿಗೆ ತಡವಾಗಬಹುದು. ಮೆಟ್ಟಿಲಿನಿಂದ ವಾಕರ್ ಸಮೇತ ಉರುಳುವ ಅಪಾಯವಂತೂ ಇದ್ದೇ ಇದೆ. ಕೆನಡಾ ದೇಶ 2004ರಲ್ಲಿ ಅವುಗಳ ಮಾರಾಟವನ್ನೇ ನಿಷೇಧಿಸಿತು. ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುವವರು ಬಾಲ್ಕನಿಯ ಕಂಬಿಗಳ ಬಳಿ ಮಗು ಹತ್ತಬಹುದಾದ ಕುರ್ಚಿ, ಕುಂಡ, ಪೆಟ್ಟಿಗೆಗಳನ್ನು ಇಡಬಾರದು.

ಎಷ್ಟು ಎಚ್ಚರ ವಹಿಸಿದರೂ ಮಕ್ಕಳು ಬೀಳುತ್ತವೆ. ಬಿದ್ದು ಏಳುವುದೇ ಅವುಗಳ ವಿದ್ಯಾಭ್ಯಾಸ. ಬಿದ್ದ ಮಗುವನ್ನೆತ್ತಿಕೊಂಡು ಬಂದ ತಾಯಿಯನ್ನು ನೋಡಿ 'ಇಷ್ಟಕ್ಕೇಕೆ ಬಂದಿರಿ?' ಎಂದು ವೈದ್ಯನಾದವನು ಕೇಳಬಾರದು. ಕೇಳಿದರೆ ಮುಂದಿನ ಬಾರಿ, ನಿಜವಾಗಿಯೂ ಬರಬೇಕಾದಾಗ, ಆಕೆ ಹಿಂಜರಿಯುತ್ತಾಳೆ. ನೂರು ಬಾರಿ ಬಂದು ನೂರು ಬಾರಿಯೂ 'ಏನೂ ಆಗಿಲ್ಲ, ಮನೆಗೆ ಹೋಗಿ' ಎನ್ನಿಸಿಕೊಳ್ಳುವುದು ಹೊತ್ತು ವ್ಯರ್ಥ ಮಾಡಿದಂತಲ್ಲ. ಆ ಒಂದು ವಾಕ್ಯವನ್ನು ಹೇಳುವುದಕ್ಕಾಗಿಯೇ ನಾವು ಇಷ್ಟೆಲ್ಲ ಓದಿದ್ದೇವೆ.